ಕಾಮೆಂಟ್ ಹಾಕೋನಿಗೆ ಅರ್ಧ ನಿಮಿಷ, ಓದೋ ತಾಯಿಗೆ?

ಪರಶುರಾಂಪುರ ನೋಡಿದೀರಾ? ಚಳ್ಳಕೆರೆ ತಾಲ್ಲೂಕಿನ ಹೋಬಳಿ ಕೇಂದ್ರ. ವೇದಾವತಿ ಹರಿಯೋ ಸೀಮೆ, ಇನ್ನೊಂದಿಷ್ಟು ದೂರ ಹೋದರೆ ಆಂಧ್ರ. ಊರಿನವರ ಬಾಯಲ್ಲಿ ಕನ್ನಡದ ಜೊತೆ ತೆಲುಗೂ ಓಡಾಡುತ್ತೆ. ಮಳೆ ಬಂದರೆ ಶೇಂಗಾ, ಬರದಿದ್ದರೆ ಬೆಂಗಳೂರು ಬಸ್ಸು. ಆ ಕಡೆ ಹುಡುಗರ ಮುಂದೆ ಇರೋ ದಾರಿ ಲೆಕ್ಕ ಹಾಕೋಕೆ ಒಂದು ಕೈಯ ಬೆರಳು ಸಾಕು. ಅದರಲ್ಲಿ ಒಂದು ಬೆರಳು ಸೇನೆ.

ಶೇಂಗಾ ಬೆಳೆ ಒಣಗಿದ ಸುದ್ದಿ ಮಾಡೋಕೆ ನಮ್ಮ ತಂಡ ಆ ಕಡೆ ಹೋಗಿತ್ತು. ಕ್ಯಾಮೆರಾ ಮಡಚಿಟ್ಟು ಟೀ ಕುಡೀತಾ ಇದ್ವಿ. ಒಬ್ಬ ತಾಯಿ, ಜೊತೆಗೆ ಕಾಲೇಜಿಗೆ ಹೋಗೋ ಮಗಳು, ಇಬ್ಬರೂ ಬಂದು ನಿಂತರು. ಬೆಳೆ ಪರಿಹಾರದ ವಿಷಯ ಇರಬೇಕು ಅಂದ್ಕೊಂಡೆ. ಅಲ್ಲ. ಆಯಮ್ಮನ ಮಗ ಅಗ್ನಿವೀರನಾಗಿ ಆಯ್ಕೆ ಆಗಿದ್ದ. ಖುಷಿಗೆ ತಂಗಿ ಅಣ್ಣನ ಫೋಟೋ ಹಾಕಿದಳು. ಊರ ಕಡೆಯ ಸುದ್ದಿ ಪುಟ ಒಂದು ಅದನ್ನೇ ಎತ್ತಿಕೊಂಡು "ನಮ್ಮ ಹೆಮ್ಮೆ" ಅಂತ ಹಾಕಿತು. ಮುನ್ನೂರು ಜನ ಶುಭಾಶಯ ಹೇಳಿದರು. ಮೂವತ್ತು ಜನ ಬೇರೆ ಬರೆದರು.

"ಹೊಟ್ಟೆಗಿಲ್ದೆ ಹೋಗ್ಯಾನೆ ಅಂತ ಬರ್ದವ್ರೆ ಸಾರ್. ನಾಲ್ಕು ವರ್ಷದ ವಾಚ್‌ಮನ್ ಅಂತವ್ರೆ. ನನ್ ಮಗ ಯಾರ್ ಮನೆ ಬಾಗ್ಲಿಗೆ ಹೋಗ್ಯಾನೆ ಸಾರ್? ಇದಕ್ಕೆ ಉತ್ರ ಕೊಡ್ಬೇಕಾ, ಸುಮ್ನಿರ್ಬೇಕಾ?"

ಆಯಮ್ಮನಿಗೆ ಓದೋಕೆ ಬರಲ್ಲ. ಮಗಳ ಕೈಲಿ ಒಂದೊಂದನ್ನೂ ಓದಿಸಿಕೊಂಡಿದ್ದಾಳೆ. ಶುಭಾಶಯ ಹೇಳಿದ ಮುನ್ನೂರು ಮಾತಲ್ಲಿ ಆಕೆಗೆ ಒಂದೂ ನೆನಪಿಲ್ಲ. ಈ ಮೂವತ್ತೂ ಬಾಯಿಪಾಠ. ಮನುಷ್ಯರ ಮನಸ್ಸೇ ಹಾಗೆ ಅಲ್ವಾ?

ಅಲ್ಲಿ ನಿಂತು ನಾನು ಏನೋ ಸಮಾಧಾನ ಹೇಳಿದೆ. "ನಾಯಿ ಬೊಗಳಿದ್ರೆ ದೇವಲೋಕ ಹಾಳಾಗುತ್ತೇನಮ್ಮಾ" ಅಂದೆ. ಆಕೆ ಮುಖ ನೋಡಿದರೆ ಗೊತ್ತಾಯ್ತು, ಅದು ಉತ್ತರ ಅಲ್ಲ. ಆಕೆ ಕೇಳಿದ್ದು ಗಾದೆ ಅಲ್ಲ, ದಾರಿ. ಹಾಗಾಗಿ ಈ ಬರಹ ಆ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಕೊಡ್ತಿರೋ ಉತ್ತರ.

ಅದಕ್ಕೂ ಮುಂಚೆ ನನ್ನ ತಪ್ಪು ಒಂದನ್ನ ಹೇಳಿಬಿಡ್ತೀನಿ. ಕೆಲವು ವರ್ಷಗಳ ಹಿಂದೆ ಇಂಥದ್ದೇ ಒಂದು ಕಾಮೆಂಟನ್ನ ನಾನು ರಾತ್ರಿ ಒಂಬತ್ತು ಗಂಟೆ ಕಾರ್ಯಕ್ರಮದಲ್ಲಿ ದೊಡ್ಡ ಅಕ್ಷರದಲ್ಲಿ ಪರದೆ ಮೇಲೆ ಹಾಕಿ ಗುಡುಗಿದ್ದೆ. "ಇವನಿಗೆ ನಾಚಿಕೆ ಇದೆಯಾ?" ಅಂತ ಮೇಜು ಕುಟ್ಟಿದ್ದೆ. ಮಾರನೇ ದಿನ ಆ ಯೋಧನ ಮನೆಯಿಂದ ಫೋನ್ ಬಂತು. "ಸಾರ್, ಆ ಮಾತನ್ನ ನಮ್ಮೂರಲ್ಲಿ ನಾಲ್ಕೈದು ಜನ ಓದಿದ್ರು. ನೀವು ಹಾಕಿದ್ ಮೇಲೆ ಇಡೀ ರಾಜ್ಯ ಓದ್ತು. ತೆಗೆದುಬಿಡಿ." ನಾನು ಅವರ ಪರ ಮಾತಾಡ್ತಿದೀನಿ ಅಂದ್ಕೊಂಡಿದ್ದೆ. ಅವರ ಗಾಯಕ್ಕೆ ಮೈಕ್ ಹಿಡಿದಿದ್ದೆ, ಅಷ್ಟೆ. ಈ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಇದು: ಕೆಟ್ಟ ಮಾತನ್ನ ಖಂಡಿಸೋಕೆ ಅಂತ ಹಂಚಿದರೂ ಅದು ಹಂಚಿದ ಹಾಗೇ.

ಇನ್ನು ವಿಷಯಕ್ಕೆ ಬರೋಣ. "ಹೊಟ್ಟೆಗಿಲ್ಲದೆ ಸೇನೆಗೆ ಹೋಗ್ತಾರೆ" ಅನ್ನೋ ಮಾತು ಮೊಬೈಲ್ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮ ರಾಜ್ಯದಲ್ಲೇ 2019ರ ಲೋಕಸಭಾ ಚುನಾವಣೆ ಹೊತ್ತಿನಲ್ಲಿ ಇದು ದೊಡ್ಡ ಗಲಾಟೆ ಆಗಿತ್ತು. ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರು ಎರಡು ಹೊತ್ತಿನ ಊಟಕ್ಕೆ ಇಲ್ಲದವರು ಸೇನೆ ಸೇರ್ತಾರೆ ಎಂಬರ್ಥದಲ್ಲಿ ಮಾತಾಡಿದ ವಿಡಿಯೋ ಓಡಾಡಿತು. ಬಿಜೆಪಿ ಮುಗಿಬಿತ್ತು. ನನ್ನ ಮಾತನ್ನ ತಿರುಚಿದ್ದಾರೆ, ಸೇನೆಗೆ ಹೋಗೋರೆಲ್ಲ ಶ್ರೀಮಂತರ ಮಕ್ಕಳಲ್ಲ ಅಂತ ಹೇಳಿದ್ದೆ ಅಂತ ಅವರು ಸ್ಪಷ್ಟನೆ ಕೊಟ್ಟರು. ಒಂದೇ ಪಕ್ಷದ ಕಥೆ ಅಲ್ಲ ಇದು. 2017ರಲ್ಲಿ ಹುತಾತ್ಮ ಕ್ಯಾಪ್ಟನ್ ಮನ್‌ದೀಪ್ ಸಿಂಗ್ ಅವರ ಮಗಳು ಗುರ್‌ಮೆಹರ್ ಕೌರ್ ಯುದ್ಧದ ಬಗ್ಗೆ ತನ್ನ ಅನಿಸಿಕೆ ಹೇಳಿದಾಗ, ಮೈಸೂರಿನ ಆಗಿನ ಸಂಸದ ಪ್ರತಾಪ್ ಸಿಂಹ ಆಕೆಯನ್ನ ದಾವೂದ್ ಜೊತೆ ಹೋಲಿಸಿ ಟ್ವೀಟ್ ಮಾಡಿದ್ದರು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ಬಗ್ಗೆ ಮಧ್ಯಪ್ರದೇಶದ ಸಚಿವ ವಿಜಯ್ ಶಾ ಆಡಿದ ಮಾತಿಗೆ ಅಲ್ಲಿನ ಹೈಕೋರ್ಟೇ ತಾನಾಗಿ ಎದ್ದು ಎಫ್‌ಐಆರ್ ಹಾಕಿ ಅಂತ ಆದೇಶ ಮಾಡಿತು. ದೊಡ್ಡವರು ವೇದಿಕೆ ಮೇಲೆ ಹೀಗೆ ಆಡಿದರೆ, ಊರ ಹುಡುಗ ಕಟ್ಟೆ ಮೇಲೆ ಕೂತು ಟೈಪ್ ಮಾಡೋದ್ರಲ್ಲಿ ಏನು ಆಶ್ಚರ್ಯ?

ಈಗ ಆ ತಾಯಿಗೆ ಹೇಳಬೇಕಾದ ಮೊದಲ ಮಾತು. ಅಮ್ಮಾ, ಆ ಮೂವತ್ತು ಕಾಮೆಂಟ್ ಒಂದೇ ಜಾತಿಯವಲ್ಲ. ಶೇಂಗಾ ಬಿಡಿಸಿದ ಮೇಲೆ ಬೀಜ ಬೇರೆ, ಜೊಳ್ಳು ಬೇರೆ, ಕಲ್ಲು ಬೇರೆ ಮಾಡ್ತೀರಲ್ಲ, ಹಾಗೆ ಬೇರೆ ಮಾಡಬೇಕು. ನಾನು ಆ ಹುಡುಗಿಯ ಮೊಬೈಲಿನಲ್ಲಿ ಅವನ್ನೆಲ್ಲ ಓದಿದೆ. ಐದು ಗುಡ್ಡೆ ಆಯ್ತು.

ಮೊದಲನೇ ಗುಡ್ಡೆ, ತಿಳಿಯದೆ ಕೇಳೋರು. "ನಾಲ್ಕು ವರ್ಷ ಆದ್ಮೇಲೆ ಏನ್ ಮಾಡ್ತಾನೆ?" ಇದು ಕೇಳೋಕೆ ಚುಚ್ಚಿದ ಹಾಗಿರುತ್ತೆ, ಆದರೆ ಪ್ರಶ್ನೆ. ಇದಕ್ಕೆ ಲೆಕ್ಕ ಹೇಳಿದರೆ ಆಯ್ತು. ಅಗ್ನಿಪಥ ಯೋಜನೆ ಘೋಷಣೆ ಆದದ್ದು 2022ರ ಜೂನ್ 14ರಂದು. ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಬರೋದು 21,000, ಉಳಿದ 9,000 ಸೇವಾನಿಧಿಗೆ. ನಾಲ್ಕನೇ ವರ್ಷಕ್ಕೆ ಸಂಬಳ 40,000. ಹುಡುಗ ಕಟ್ಟಿದಷ್ಟೇ ಸರ್ಕಾರವೂ ಕಟ್ಟುತ್ತೆ, ಬಡ್ಡಿ ಸೇರಿ ಹೊರಬರುವಾಗ ಸುಮಾರು 11.71 ಲಕ್ಷ. ನೂರರಲ್ಲಿ ಇಪ್ಪತ್ತೈದರವರೆಗೆ ಕಾಯಂ ಆಗಬಹುದು. ಇಷ್ಟು ಬರೆದರೆ ಕೇಳಿದವನಿಗೂ ಉತ್ತರ, ಅದನ್ನ ಓದೋ ಇನ್ನೂ ಹತ್ತು ಹುಡುಗರಿಗೆ ಮಾಹಿತಿ.

ಎರಡನೇ ಗುಡ್ಡೆ, ಯೋಜನೆಯನ್ನ ಟೀಕೆ ಮಾಡೋರು. "ಪಿಂಚಣಿ ಇಲ್ಲದ ನೌಕರಿ, ಹುಡುಗರಿಗೆ ಮೋಸ." ಇದನ್ನ ಅವಮಾನ ಅಂತ ತಿಳೀಬೇಡಿ. ಅಗ್ನಿವೀರನಿಗೆ ಪಿಂಚಣಿ ಇಲ್ಲ ಅನ್ನೋದು ಸತ್ಯ. ಸೇವೆಯಲ್ಲಿ ಮಡಿದರೆ ಕುಟುಂಬಕ್ಕೆ 48 ಲಕ್ಷ ವಿಮೆ, ಕರ್ತವ್ಯದ ಕಾರಣದಿಂದ ಸಾವಾಗಿದ್ದರೆ ಅದರ ಮೇಲೆ 44 ಲಕ್ಷ ಪರಿಹಾರ ಇದೆ. ಆದರೆ ಕಾಯಂ ಯೋಧನ ಮನೆಗೆ ಬರುವಂಥ ಕುಟುಂಬ ಪಿಂಚಣಿ ಇಲ್ಲ. ಇದು ಸರಿಯೋ ತಪ್ಪೋ ಅಂತ ಸಂಸತ್ತಿನಲ್ಲೂ ಚರ್ಚೆ ಆಗಿದೆ, ಚಹಾ ಅಂಗಡಿಯಲ್ಲೂ ಆಗಬೇಕು. ಯೋಜನೆ ಬೈದವನು ಯೋಧನನ್ನ ಬೈದ ಹಾಗಲ್ಲ. ಎಷ್ಟೋ ಸಲ ಆತ ಯೋಧನ ಪರವಾಗೇ ಮಾತಾಡ್ತಿರ್ತಾನೆ. ನಾವು ಟಿವಿಯವರು ಇವೆರಡನ್ನೂ ಕಲಸಿ "ಸೇನೆಗೆ ಅವಮಾನ" ಅಂತ ಪಟ್ಟಿ ಓಡಿಸ್ತೀವಲ್ಲ, ಅದು ನಮ್ಮ ತಪ್ಪು.

ಮೂರನೇ ಗುಡ್ಡೆ, ಚುಚ್ಚೋರು. ಹೊಟ್ಟೆಗಿಲ್ಲದೆ ಹೋದ, ವಾಚ್‌ಮನ್, ಎಸ್ಸೆಸ್ಸೆಲ್ಸಿ ಪಾಸಾದ್ದೇ ಹೆಚ್ಚು, ಇತ್ಯಾದಿ. ಇದೇ ತಾಯಿಗೆ ನಾಟಿದ್ದು. ಇಲ್ಲಿ ಮನೆಯವರು ಮಾಡೋ ತಪ್ಪು ಒಂದಿದೆ, ಅದನ್ನ ಬಿಡಿಸಿ ಹೇಳ್ತೀನಿ. ಮಗಳು ಸಿಟ್ಟಿಗೆ ಹೀಗೆ ಬರೆದಿದ್ದಳು: "ನಮ್ಮಣ್ಣ ಸಂಬಳಕ್ಕೆ ಹೋಗಿಲ್ಲ, ದೇಶಕ್ಕಾಗಿ ಹೋಗ್ಯಾನೆ." ತಕ್ಷಣ ಆ ಕಡೆಯಿಂದ ಬಂತು, "ಹಂಗಾದ್ರೆ ಸಂಬಳ ವಾಪಸ್ ಕೊಡ್ಲಿ." ಆಮೇಲೆ ನಲವತ್ತು ಉತ್ತರ, ನಲವತ್ತು ಪ್ರತ್ಯುತ್ತರ.

ಯಾಕೆ ಹೀಗಾಯ್ತು? ಸಂಬಳಕ್ಕೆ ಹೋಗೋದು ಕೀಳು ಅನ್ನೋದನ್ನ ಆ ಹುಡುಗಿ ಒಪ್ಪಿಕೊಂಡುಬಿಟ್ಟಳು. ಯಾಕೆ ಒಪ್ಪಬೇಕು ಸ್ವಾಮಿ? ಡಾಕ್ಟರು ಸಂಬಳ ತಗೊಳಲ್ವಾ? ಮೇಷ್ಟ್ರು ತಗೊಳಲ್ವಾ? ಟಿವಿಯಲ್ಲಿ ಕೂತು ದೇಶಭಕ್ತಿ ಮಾತಾಡೋ ನಾನು ತಿಂಗಳ ಕೊನೆಗೆ ತಗೊಳಲ್ವಾ? ಮಳೆ ನಂಬಿ ಶೇಂಗಾ ಬಿತ್ತಿ ಸಾಲ ಮೈಮೇಲೆ ಎಳೆದುಕೊಂಡ ಮನೆಯ ಹುಡುಗ ತಿಂಗಳಿಗೆ 21,000 ಮನೆಗೆ ಬರುತ್ತೆ ಅಂತ ಹೋದರೆ ಅದು ಮರ್ಯಾದೆಯ ಕೆಲಸ. ಬಡತನ ಇದೆ ಅಂದರೆ ಇದೆ ಅನ್ನಿ. ಅದು ಬೈಗುಳ ಆಗೋದು ನಾವು ನಾಚಿಕೊಂಡಾಗ ಮಾತ್ರ.

ಇನ್ನೊಂದು. ಬರೀ ಹಸಿವಿದ್ದರೆ ಸೇನೆ ಒಳಗೆ ಬಿಟ್ಟುಕೊಳ್ಳಲ್ಲ. ಜನರಲ್ ಡ್ಯೂಟಿ ಹುದ್ದೆಗೆ ಹತ್ತನೇ ತರಗತಿಯಲ್ಲಿ ಒಟ್ಟು 45 ಪರ್ಸೆಂಟ್, ಪ್ರತಿ ವಿಷಯದಲ್ಲೂ ಕನಿಷ್ಠ 33 ಬೇಕು. 2023ರಿಂದ ಮೊದಲು ಕಂಪ್ಯೂಟರ್ ಮುಂದೆ ಕೂತು ಬರೆಯೋ ಪರೀಕ್ಷೆ. ಅದು ಪಾಸಾದರೆ ಮೈದಾನ. 1.6 ಕಿಲೋಮೀಟರ್ ಓಟ, ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ 60 ಅಂಕ. ಕಂಬಿ ಹಿಡಿದು ಹತ್ತು ಸಲ ಮೈ ಎತ್ತಿದರೆ 40 ಅಂಕ. ಒಂಬತ್ತು ಅಡಿ ಹಳ್ಳ ಜಿಗೀಬೇಕು. ಆಮೇಲೆ ವೈದ್ಯಕೀಯ ಪರೀಕ್ಷೆ. ನಂಬಿಕೆ ಇಲ್ಲದಿದ್ದರೆ ನಾಳೆ ಬೆಳಿಗ್ಗೆ ಗಡಿಯಾರ ಇಟ್ಕೊಂಡು 1.6 ಕಿಲೋಮೀಟರ್ ಓಡಿ ನೋಡಿ. ನಾನು ಓಡಿದೆ. ಎಷ್ಟು ನಿಮಿಷ ಅಂತ ಕೇಳಬೇಡಿ.

ಒಳಗೆ ಹೋದ ಮೇಲಿನ ಮಾತು ಬೇರೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಅದರಲ್ಲಿ ಮೂವರು ನಮ್ಮವರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ, ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಮಹೇಶ. 25 ಅಡಿ ಹಿಮದ ಕೆಳಗೆ ಆರು ದಿನ ಇದ್ದು ಜೀವಂತ ಸಿಕ್ಕಿದ ಹನುಮಂತಪ್ಪ ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಇವರೆಲ್ಲ ಸಾಧಾರಣ ಮನೆಯಿಂದ ಹೋದವರೇ. ಸಂಬಳಕ್ಕೆ ಸೇರಿದರು ಅಂತಲೇ ಇಟ್ಕೊಳ್ಳಿ. ಆ ಹಿಮದಲ್ಲಿ ಕಾವಲು ನಿಂತದ್ದಕ್ಕೆ ಯಾವ ಸಂಬಳ ಸಮ ಆಗುತ್ತೆ?

ಹಾಗಾದರೆ ಚುಚ್ಚೋನಿಗೆ ಏನು ಮಾಡಬೇಕು? ಒಂದೇ ಒಂದು ಉತ್ತರ, ಅದೂ ಎಲ್ಲರಿಗೂ ಸೇರಿಸಿ, ಮೇಲೆ ಬರೆದುಬಿಡಿ. "ಹೌದು, ನಮ್ಮದು ಶೇಂಗಾ ಬೆಳೆಯೋ ಮನೆ. ಅಣ್ಣ ಓಡಿ, ಪರೀಕ್ಷೆ ಬರೆದು ಆಯ್ಕೆ ಆಗಿದಾನೆ. ಸಂಬಳ ಬರುತ್ತೆ, ಮನೆಗೆ ಬೇಕು. ಹಾರೈಸಿದವರಿಗೆ ನಮಸ್ಕಾರ." ಮುಗೀತು. ಎರಡನೇ ಉತ್ತರ ಬೇಡ. ಚುಚ್ಚೋನಿಗೆ ಬೇಕಾಗಿರೋದು ನಿಮ್ಮ ಸಿಟ್ಟು. ಅದು ಸಿಗದಿದ್ದರೆ ಬೇರೆ ಮನೆ ಹುಡುಕ್ತಾನೆ. ನೀವು ಉತ್ತರ ಕೊಟ್ಟಷ್ಟೂ ಆ ಪೋಸ್ಟಿನ ಮೇಲೆ ಚಟುವಟಿಕೆ ಹೆಚ್ಚಿದೆ ಅಂತ ಕಂಪನಿಯ ಲೆಕ್ಕಾಚಾರ ಅದನ್ನ ಇನ್ನಷ್ಟು ಜನಕ್ಕೆ ತೋರಿಸುತ್ತೆ. ಕಾಮೆಂಟ್ ಯಾರು ಹಾಕಬಹುದು ಅಂತ ಮಿತಿ ಹಾಕೋ ಸೌಲಭ್ಯ ಎಲ್ಲ ಕಡೆ ಇದೆ. ಅದನ್ನ ಬಳಸೋದು ಹೇಡಿತನ ಅಲ್ಲ. ಮನೆ ಬಾಗಿಲಿಗೆ ಚಿಲಕ ಇಟ್ಟ ಹಾಗೆ.

ನಾಲ್ಕನೇ ಗುಡ್ಡೆ, ಸುಳ್ಳು. ಇದು ಚುಚ್ಚೋದಕ್ಕಿಂತ ಅಪಾಯ. ಕರ್ನಲ್ ಸೋಫಿಯಾ ಅವರ ಗಂಡನ ಮನೆ ನಮ್ಮ ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಕೊಣ್ಣೂರು. 2025ರ ಮೇ ತಿಂಗಳಲ್ಲಿ ಆ ಮನೆ ಮೇಲೆ ದಾಳಿ ಆಗಿದೆ ಅಂತ ಯಾರೋ ಎಕ್ಸ್‌ನಲ್ಲಿ ಬರೆದರು. ಹಾಗೇನೂ ಆಗಿರಲಿಲ್ಲ. ಬೆಳಗಾವಿ ಪೊಲೀಸರು ಇದು ಸುಳ್ಳು ಅಂತ ಸ್ಪಷ್ಟವಾಗಿ ಹೇಳಬೇಕಾಯ್ತು. ಆ ಒಂದು ಸುಳ್ಳನ್ನ ನಂಬಿ ಎರಡು ಕಡೆ ಜನ ಬೀದಿಗೆ ಇಳಿದಿದ್ದರೆ? ಇಂಥದ್ದಕ್ಕೆ ವಾದ ಮಾಡೋ ಬದಲು ಪೊಲೀಸರಿಗೆ ತಿಳಿಸಬೇಕು, ಸತ್ಯ ಗೊತ್ತಾಗೋವರೆಗೆ ಮುಂದಕ್ಕೆ ಕಳಿಸಬಾರದು. ಯೋಧನ ಫೋಟೋ ಹಾಕಿ ನಕಲಿ ಖಾತೆ ತೆರೆಯೋದೂ ಇದೇ ಗುಡ್ಡೆ. "ಆರ್ಮಿಯವನು, ವರ್ಗಾವಣೆ ಆಗಿದೆ, ಗಾಡಿ ಅಗ್ಗಕ್ಕೆ ಕೊಡ್ತೀನಿ" ಅಂತ ವಂಚನೆ ಮಾಡೋರು ಇಂಥ ಫೋಟೋಗಳನ್ನೇ ಹುಡುಕ್ತಾ ಇರ್ತಾರೆ. ಹಾಗಾಗಿ ಮನೆಯವರು ಸಮವಸ್ತ್ರದ ಫೋಟೋ, ಘಟಕದ ಹೆಸರು, ಎಲ್ಲಿಗೆ ಪೋಸ್ಟಿಂಗ್ ಅನ್ನೋದನ್ನ ಹಾಕದೇ ಇರೋದು ಮಗನಿಗೂ ಒಳ್ಳೇದು, ದೇಶಕ್ಕೂ ಒಳ್ಳೇದು.

ಐದನೇ ಗುಡ್ಡೆ, ಹೊಲಸು, ಬೆದರಿಕೆ, ಸಾವಿಗೆ ಸಂಭ್ರಮ. ಆ ಮೂವತ್ತರಲ್ಲಿ ಮೂರು ಇಂಥವು. ಮೂರೂ ಆ ಹುಡುಗನ ಬಗ್ಗೆ ಅಲ್ಲ, ಫೋಟೋ ಹಾಕಿದ ತಂಗಿಯ ಬಗ್ಗೆ. ಅದನ್ನ ಆಕೆ ತಾಯಿಗೆ ಓದಿ ಹೇಳಿರಲಿಲ್ಲ. ನನಗೆ ಮೊಬೈಲ್ ಕೊಡುವಾಗ ಆ ಜಾಗ ಬಂದ ಕೂಡಲೇ ಮುಖ ಬೇರೆ ಕಡೆ ತಿರುಗಿಸಿದಳು. ಇಡೀ ಮಾತುಕತೆಯಲ್ಲಿ ನಿಜವಾದ ಗಾಯ ಇದ್ದದ್ದು ಅಲ್ಲಿ, ಅದರ ಬಗ್ಗೆ ಮಾತೇ ಆಡದ ಹುಡುಗಿಯಲ್ಲಿ.

ಇಲ್ಲಿ ಸುಮ್ಮನಿರಬಾರದು. ಸಿಯಾಚಿನ್‌ನಲ್ಲಿ ಮಡಿದ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಅವರ ಪತ್ನಿ ಸ್ಮೃತಿ 2024ರ ಜುಲೈನಲ್ಲಿ ರಾಷ್ಟ್ರಪತಿಗಳಿಂದ ಕೀರ್ತಿಚಕ್ರ ಸ್ವೀಕರಿಸಿದ ಫೋಟೋಗೆ ಯಾರೋ ಹೊಲಸು ಬರೆದ. ರಾಷ್ಟ್ರೀಯ ಮಹಿಳಾ ಆಯೋಗ ಪತ್ರ ಬರೆಯಿತು, ದೆಹಲಿ ಪೊಲೀಸರು ಕೇಸು ಹಾಕಿದರು. ಹೆಣ್ಣಿನ ಮರ್ಯಾದೆಗೆ ಕುಂದು ತರುವ ಮಾತಿಗೆ ಭಾರತೀಯ ನ್ಯಾಯ ಸಂಹಿತೆಯ 79ನೇ ಕಲಂ, ಮೂರು ವರ್ಷದವರೆಗೆ ಶಿಕ್ಷೆ. ಅಶ್ಲೀಲವಾದದ್ದನ್ನ ಆನ್‌ಲೈನಲ್ಲಿ ಹಾಕಿದರೆ ಐಟಿ ಕಾಯ್ದೆಯ 67ನೇ ಕಲಂ. ಬೆದರಿಕೆಗೆ ಸಂಹಿತೆಯ 351. ಹೆಸರು ಮುಚ್ಚಿಕೊಂಡು ಬೆದರಿಸಿದರೆ ಶಿಕ್ಷೆ ಇನ್ನೂ ಹೆಚ್ಚು.

ನೀವು ಕೇಳಬಹುದು, ಇಷ್ಟೆಲ್ಲ ಆ ಯೋಧನೇ ಯಾಕೆ ಉತ್ತರ ಕೊಡಬಾರದು ಅಂತ. ಅವನಿಗೆ ಬಾಯಿ ಇಲ್ಲ, ವೀಕ್ಷಕರೇ. 1954ರ ಸೇನಾ ನಿಯಮಗಳ ಪ್ರಕಾರ ಸೇವಾ ವಿಷಯಗಳ ಬಗ್ಗೆ ಅನುಮತಿ ಇಲ್ಲದೆ ಪತ್ರಿಕೆಗೆ, ಸಾರ್ವಜನಿಕರಿಗೆ ಮಾತಾಡುವಂತಿಲ್ಲ. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್‌ಗಳನ್ನ ಮೊಬೈಲಿನಿಂದ ತೆಗೆಯಿರಿ ಅಂತ ಸೇನೆ ಸೂಚಿಸಿತ್ತು. ತರಬೇತಿಯಲ್ಲಿರೋ ಹುಡುಗನಿಗಂತೂ ಮನೆಗೆ ಫೋನ್ ಮಾಡೋದೇ ಹಬ್ಬ. ಅಂದರೆ ಉತ್ತರ ಕೊಡೋಕೆ ಆಗದವನನ್ನ ಬೈಯೋದು ಇದು. ಭಾರ ಎಲ್ಲ ಬೀಳೋದು ಮನೆಯಲ್ಲಿರೋ ಹೆಣ್ಣುಮಕ್ಕಳ ಮೇಲೆ.

ದೂರು ಕೊಡೋದು ಹೇಗೆ? ಸಿಟ್ಟಿಗೆ ಮೊದಲು ಅಳಿಸಬೇಡಿ. ಸ್ಕ್ರೀನ್‌ಶಾಟ್ ತೆಗೀರಿ. ಬರೆದವನ ಖಾತೆಯ ಹೆಸರು, ದಿನಾಂಕ, ಸಮಯ ಕಾಣಬೇಕು. ಆ ಪೋಸ್ಟಿನ ಲಿಂಕ್, ಖಾತೆಯ ಲಿಂಕ್ ಎರಡನ್ನೂ ಬೇರೆ ಬರೆದಿಟ್ಟುಕೊಳ್ಳಿ, ಯಾಕಂದರೆ ಖಾತೆಯ ಹೆಸರು ರಾತ್ರೋರಾತ್ರಿ ಬದಲಾಗುತ್ತೆ. ಆಮೇಲೆ ಆ ಆ್ಯಪ್‌ನಲ್ಲೇ ರಿಪೋರ್ಟ್ ಮಾಡಿ. 2021ರ ಐಟಿ ನಿಯಮಗಳ ಪ್ರಕಾರ ಪ್ರತಿ ಕಂಪನಿಗೂ ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ತಲುಪಿದೆ ಅಂತ 24 ಗಂಟೆಯೊಳಗೆ ತಿಳಿಸಬೇಕು. ಅದಾದ ಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. 1930 ನಂಬರ್ ಇರೋದು ಮುಖ್ಯವಾಗಿ ಹಣದ ವಂಚನೆಗೆ, ಇಂಥದ್ದಕ್ಕೆ ಪೋರ್ಟಲ್ಲೇ ಸರಿ. ಇಲ್ಲವೇ ಜಿಲ್ಲಾ ಕೇಂದ್ರದ ಸಿಇಎನ್ ಠಾಣೆಗೆ ಹೋಗಿ. ಅಷ್ಟು ದೂರ ಆಗಲ್ಲ ಅಂದರೆ ಹತ್ತಿರದ ಠಾಣೆಯಲ್ಲೇ ಕೊಡಿ. ಇದು ನಮ್ಮ ವ್ಯಾಪ್ತಿ ಅಲ್ಲ ಅಂತ ವಾಪಸ್ ಕಳಿಸುವಂತಿಲ್ಲ, ಝೀರೋ ಎಫ್‌ಐಆರ್ ಈಗ ಕಾನೂನಿನಲ್ಲೇ ಇದೆ. ಪ್ರಾಣಭಯ ಇದ್ದರೆ 112.

ಹೆಸರು ಬದಲಾಯಿಸಿಕೊಂಡರೆ ಸಿಗಲ್ಲ ಅನ್ನೋ ಭ್ರಮೆ ಬೇಡ. 2024ರ ನವೆಂಬರ್‌ನಲ್ಲಿ ಕೊಡಗಿನಲ್ಲಿ ಬೇರೆ ಹೆಸರಿನಲ್ಲಿ ವಾಟ್ಸ್‌ಆ್ಯಪ್ ಗುಂಪಲ್ಲಿ ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ ಅವರ ಬಗ್ಗೆ ಅವಹೇಳನ ಬರೆದ ಆರೋಪದ ಮೇಲೆ ಪೊಲೀಸರು ಬಂಧಿಸಿದ್ದು ಒಬ್ಬ ವಕೀಲರನ್ನ. ಡಿಸೆಂಬರ್ 12ಕ್ಕೆ ಕೊಡಗು ಬಂದ್‌ಗೆ ಕರೆ ಹೋಯ್ತು. ಮನೆಗೊಬ್ಬ ಯೋಧ ಇರೋ ಜಿಲ್ಲೆಯಲ್ಲಿ ಎರಡು ಸಾಲು ಏನು ಮಾಡುತ್ತೆ ಅಂತ ಅದರಿಂದ ಗೊತ್ತಾಗುತ್ತೆ.

ಈಗ ಕೆಲವರಿಗೆ ಇಷ್ಟ ಆಗದ ಮಾತು ಒಂದು. ಎಲ್ಲ ಕಾಮೆಂಟಿಗೂ ಪೊಲೀಸ್ ಬೇಡ. "ಆಕ್ಷೇಪಾರ್ಹ" ಅನ್ನಿಸಿದ್ದಕ್ಕೆಲ್ಲ ಹಿಡಿದು ಒಳಗೆ ಹಾಕೋ ಅವಕಾಶ ಐಟಿ ಕಾಯ್ದೆಯ 66ಎ ಕಲಮಿನಲ್ಲಿತ್ತು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನ ರದ್ದು ಮಾಡಿತು. ಒರಟು ಮಾತು ಬೇರೆ, ಅಪರಾಧ ಬೇರೆ. ಮೂರನೇ ಗುಡ್ಡೆಯನ್ನ ಐದನೇ ಗುಡ್ಡೆ ಅಂತ ತೋರಿಸಿ ಕೇಸು ಹಾಕಿಸಿದರೆ, ನಿಜವಾದ ಐದನೇ ಗುಡ್ಡೆಯ ದೂರು ಬಂದಾಗ ಠಾಣೆಯಲ್ಲಿ ಯಾರೂ ಕಿವಿ ಕೊಡಲ್ಲ.

ಕೇಸಿನ ಭಾರ ಏನು ಅಂತಲೂ ತಿಳೀಬೇಕು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ 40 ಸಿಆರ್‌ಪಿಎಫ್ ಯೋಧರು ಮಡಿದರು. ಮಂಡ್ಯ ಜಿಲ್ಲೆ ಗುಡಿಗೆರೆಯ ಎಚ್. ಗುರು ಅವರಲ್ಲೊಬ್ಬರು. ಆ ಸಾವನ್ನ ಸಂಭ್ರಮಿಸಿ ಫೇಸ್‌ಬುಕ್‌ನಲ್ಲಿ ಸಾಲುಸಾಲು ಕಾಮೆಂಟ್ ಹಾಕಿದ ಬೆಂಗಳೂರಿನ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿಗೆ 2022ರ ಅಕ್ಟೋಬರ್ 31ರಂದು ವಿಶೇಷ ನ್ಯಾಯಾಲಯ ಐದು ವರ್ಷ ಜೈಲು ವಿಧಿಸಿತು. ತೀರ್ಪಿಗೆ ಮುಂಚೆಯೇ ಆತ ಮೂರೂವರೆ ವರ್ಷ ಒಳಗಿದ್ದ. ಕಾಲೇಜು ಹೋಯ್ತು, ಹರೆಯ ಹೋಯ್ತು. ಗುಡಿಗೆರೆಯಲ್ಲಿ ಒಂದು ಮನೆ ಮಗನನ್ನ ಕಳಕೊಂಡಿತು, ಬೆಂಗಳೂರಲ್ಲಿ ಇನ್ನೊಂದು ಮನೆ ಮಗನನ್ನ ಬೇರೆ ರೀತಿಯಲ್ಲಿ ಕಳಕೊಂಡಿತು. ಮೊಬೈಲ್ ಹಿಡಿದ ಪ್ರತಿ ಹುಡುಗನಿಗೂ ಅಪ್ಪ ಅಮ್ಮ ಇದನ್ನ ಒಂದು ಸಲ ಕೂರಿಸಿ ಹೇಳಬೇಕು.

ಕಾನೂನು ಬಿಟ್ಟು ಬೀದಿ ನ್ಯಾಯಕ್ಕಂತೂ ಇಳೀಬೇಡಿ. ಅದೇ 2019ರ ಮಾರ್ಚ್‌ನಲ್ಲಿ ವಿಜಯಪುರದಲ್ಲಿ ಒಬ್ಬ ಕಾಲೇಜು ಉಪನ್ಯಾಸಕರನ್ನ ಫೇಸ್‌ಬುಕ್ ಪೋಸ್ಟ್‌ಗಾಗಿ ಗುಂಪು ಸೇರಿ ಮಂಡಿಯೂರಿಸಿ ಕ್ಷಮೆ ಕೇಳಿಸಿದರು, ವಿಡಿಯೋ ಮಾಡಿದರು. ಅದರಿಂದ ಯಾವ ಯೋಧನ ಮರ್ಯಾದೆ ಹೆಚ್ಚಿತು? ಸಮವಸ್ತ್ರಕ್ಕೆ ಗೌರವ ಅಂದರೆ ಶಿಸ್ತಿಗೆ ಗೌರವ. ಗುಂಪು ಕಟ್ಟಿಕೊಂಡು ಹೋಗಿ ಒಬ್ಬನನ್ನ ಮಂಡಿಯೂರಿಸೋದು ಸೈನಿಕರು ಕಲಿಸಿದ ಪಾಠ ಅಲ್ಲ.

ಪರಶುರಾಂಪುರದಲ್ಲೂ ಅದೇ ಆಗೋದಿತ್ತು. "ವಾಚ್‌ಮನ್" ಅಂತ ಬರೆದವನು ಯಾರು ಅಂತ ಹುಡುಗನ ಗೆಳೆಯರಿಗೆ ಗೊತ್ತಾಗಿತ್ತು. ಪಕ್ಕದ ಹಳ್ಳಿಯವನು. ಒಂದೇ ರಸ್ತೆಯಲ್ಲಿ ಇಬ್ಬರೂ ಬೆಳಗಿನ ಜಾವ ಓಡಿ ತಾಲೀಮು ಮಾಡ್ತಿದ್ದರಂತೆ. ಇವನು ಆಯ್ಕೆ ಆದ, ಅವನು ಆಗಲಿಲ್ಲ. ನಾಲ್ಕು ಬೈಕ್ ಹೊರಟಿದ್ದವು. ತಡೆದದ್ದು ಅಪ್ಪ. ಆ ಮನುಷ್ಯ ಮಾತಾಡಿದ್ದು ಕಡಿಮೆ. "ಪೊಲೀಸ್ ಕೇಸಾದ್ರೆ ನಮ್ ಹುಡ್ಗನ ವೆರಿಫಿಕೇಶನ್‌ಗೆ ತೊಂದ್ರೆ ಆಗುತ್ತೆ ಅಂದೆ ಸಾರ್, ನಿಂತ್ಕೊಂಡ್ರು" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಅವ್ನೂ ಸೋತೋನು ಸಾರ್, ಹೊಟ್ಟೆಯುರಿ" ಅಂದರು.

ಅವರು ಹೇಳಿದ ಮೊದಲ ಮಾತು ವ್ಯವಹಾರದ್ದು, ಆದರೆ ಬಲು ಮುಖ್ಯ. ಸೇನೆಗೆ ಸೇರೋ ಹುಡುಗನ ನಡತೆ ಬಗ್ಗೆ ಪೊಲೀಸ್ ಪರಿಶೀಲನೆ ನಡೆಯುತ್ತೆ. ಅವನ ಪರವಾಗಿ ಬಡಿದಾಟಕ್ಕೆ ಹೋದವರು ಅವನಿಗೇ ಮುಳ್ಳಾಗಬಹುದು. ಎರಡನೇ ಮಾತಿನ ಬಗ್ಗೆ ನಾನು ಏನೂ ಸೇರಿಸಲ್ಲ.

ಅವತ್ತು ಸಂಜೆ ಅಲ್ಲೇ ಕೂತು ನಮ್ಮ ವರದಿಗಾರ್ತಿ ಆ ಹುಡುಗಿ ಜೊತೆ ಸೇರಿ ಮೂರು ಸ್ಕ್ರೀನ್‌ಶಾಟ್ ತೆಗೆದಳು, ಲಿಂಕ್ ಬರೆದಳು, ಪೋರ್ಟಲ್‌ನಲ್ಲಿ ದೂರು ಹಾಕಿಸಿದಳು. ಹೆಣ್ಣುಮಗಳ ಹತ್ತಿರ ಹೆಣ್ಣುಮಗಳೇ ಕೂರಬೇಕಾದ ಕೆಲಸ ಅದು. ಚುಚ್ಚಿದವರಿಗೆಲ್ಲ ಸೇರಿಸಿ ತಂಗಿ ಒಂದು ಉತ್ತರ ಬರೆದಳು, ಶೇಂಗಾ ಮನೆ ಅಂತಲೇ ಶುರು ಮಾಡಿ. ಪಿಂಚಣಿ ಬಗ್ಗೆ ಬರೆದವನಿಗೆ "ಅಣ್ಣಾ ನೀವು ಹೇಳಿದ್ದು ಸರಿ, ನಾವೂ ಕೇಳ್ತೀವಿ" ಅಂತ ಹಾಕಿದಳು. ಆಮೇಲೆ ಕಾಮೆಂಟ್ ಬಾಗಿಲು ಮುಚ್ಚಿದಳು.

ತಾಯಿಗೆ ನಾನು ಹೇಳಿದ್ದು ಇಷ್ಟೇ. "ಅಮ್ಮಾ, ಆ ಮುನ್ನೂರನ್ನೂ ಒಂದು ಸಲ ಓದಿಸ್ಕೊಳ್ಳಿ." ನಾವು ಹೊರಡುವಾಗ ಮಗಳು ಕಟ್ಟೆ ಮೇಲೆ ಕೂತು ಓದ್ತಾ ಇದ್ದಳು. ಪ್ರತಿ ಹೆಸರು ಬಂದಾಗಲೂ ತಾಯಿ, "ಇವ್ರು ಯಾರ್ ಕಡೆಯೋರು?" ಅಂತ ಕೇಳ್ತಾ ಇದ್ದಳು.

ಚಾನೆಲ್ಲಿಗೆ ವಾಪಸ್ ಬಂದು ನಮ್ಮ ಡೆಸ್ಕಿನಲ್ಲಿ ಒಂದು ಚೀಟಿ ಅಂಟಿಸಿದೆ. ಯೋಧರ ಬಗ್ಗೆ, ಅವರ ಮನೆಯವರ ಬಗ್ಗೆ ಬಂದ ಹೊಲಸು ಕಾಮೆಂಟನ್ನ ಖಂಡಿಸೋ ನೆಪದಲ್ಲೂ ಪರದೆ ಮೇಲೆ ಹಾಕುವಂತಿಲ್ಲ. ಕೇಸಾಯ್ತಾ, ಏನಾಯ್ತು ಅಂತ ಸುದ್ದಿ ಹೇಳೋಣ, ಆ ಸಾಲು ಬೇಡ. ಟಿಆರ್‌ಪಿಯವರು ಬಂದು ಓದಿಕೊಂಡು ಹೋಗಿದಾರೆ. ಚೀಟಿ ಇನ್ನೂ ಅಲ್ಲೇ ಇದೆ. ನಾನೇ ಅದನ್ನ ಮೀರಿದ ದಿನ, ನೀವು ಫೋನ್ ಮಾಡಿ ಬೈಬಹುದು. ಅದನ್ನ ಅವಮಾನ ಅಂತ ತಿಳಿಯಲ್ಲ.